ಗೆರೆ ದಾಟಿದ ಗುಡುಗು ಸರ್

ಮಾರ್ಚ್ 3, ಸಂಜೆ
ಸೀಟಿ ತೊಳೆದಿಟ್ಟೆ. ಶೂ ಒರೆಸಿದ್ದಾಯ್ತು. ಮೊಣಕೈ ಇನ್ನೂ ನೋಯ್ತಿದೆ. ಸೆಮಿಫೈನಲ್‌ನಲ್ಲಿ ರೆಫರಿಯಾಗಿ ಸೈಡ್‌ಲೈನ್ ಹಿಡಿದು ಓಡುವಾಗ ಗುಡುಗು ಸರ್‌ಗೆ ಡಿಕ್ಕಿ. ಕೋಚ್ ನಿಲ್ಲೋಕೆ ಗೆರೆ ಹಾಕಿದ ಕೋಚಿಂಗ್ ಬಾಕ್ಸ್ ಬಿಟ್ಟು ಕೋರ್ಟಿನೊಳಗೇ ನಿಂತು ಕೂಗ್ತಿದ್ದರು. ನನಗೆ ಬಾಸ್ಕೆಟ್‌ಬಾಲ್ ಕಲಿಸಿದವರು... ಸೀಟಿ ಊದದೆ ಹಾಗೇ ಮುಂದೆ ಓಡಿದೆ.

ಇನ್ನೊಂದು ಸೆಮಿಫೈನಲ್ ಗೆದ್ದು ನೋಡ್ತಾ ಕೂತಿದ್ದ ಟೀಮಿನ ಕೋಚಮ್ಮ ಬಿಟ್ಟಾಳೆಯೇ? "ನಿಮ್ಮ ಸರ್‌ಗೊಂದು ಗೆರೆ, ನಮಗೊಂದು ಗೆರೆಯಾ ಮೇಡಂ?"

ಮೈ ಉರೀತು. ಅವಳ ಮೇಲಲ್ಲ, ಸರ್ ಮೇಲೆ, ನನ್ನ ಮೇಲೂ.

ಮಾರ್ಚ್ 4
ಸೀನಿಯರ್ ರೆಫರಿ ಟೀ ಹೀರ್ತಾ ಹೇಳಿದರು: "ಕೋಪಕ್ಕೆ ಊದಬೇಡ. ಮೊದಲು ಹತ್ರ ಹೋಗಿ ಮೆಲ್ಲಗೆ ಹೇಳು. ಕೇಳ್ಲಿಲ್ವಾ, ಎಲ್ಲರಿಗೂ ಕಾಣೋ ಹಾಗೆ ವಾರ್ನಿಂಗ್. ಆಮೇಲೂ ಬಂದ್ರೆ ಟೆಕ್ನಿಕಲ್ ಫೌಲ್, ಎದುರು ಟೀಮಿಗೆ ಒಂದು ಫ್ರೀ ಥ್ರೋ. ಮುಖ ನೋಡ್ಬೇಡ ಮಾರಾಯ್ತಿ, ಕಾಲು ನೋಡು."

ಫೈನಲ್‌ಗೂ ನನ್ನನ್ನೇ ಹಾಕಿದ್ದಾರೆ. ಬೇರೆಯವರನ್ನು ಹಾಕಿ ಅನ್ನಬಹುದು. ಅನ್ನಲ್ಲ.

ಮಾರ್ಚ್ 8
ಫೈನಲ್ ಮುಗೀತು. ಕೂತು ಬರೀತಿದ್ದೀನಿ.

ಮೊದಲ ಕ್ವಾರ್ಟರ್‌ನಲ್ಲೇ ಸರ್ ಬಾಕ್ಸಿನ ಹೊರಗೆ. ಚೆಂಡು ಆಚೆ ಹೋದಾಗ ಪಕ್ಕಕ್ಕೆ ಹೋದೆ. "ಸರ್, ಬಾಕ್ಸ್ ಒಳಗಿರಿ. ಅಲ್ಲಿಂದ ಹುಡುಗೀರಿಗೆ ಎಷ್ಟು ಬೇಕಾದ್ರೂ ಹೇಳಿಕೊಡಿ."

"ಹೋಗಮ್ಮ, ಆಟ ನೋಡು."

ಮತ್ತೆ ಬಂದರು. ಆಟ ನಿಲ್ಲಿಸಿ, ಸ್ಕೋರರ್ ಟೇಬಲ್ ಮುಂದೆಯೇ ವಾರ್ನಿಂಗ್. ಕೋಚಮ್ಮನ ಕಾಲೂ ಗೆರೆಯಾಚೆ — ಅವಳಿಗೂ ಅದೇ ಮಾತು. ಮುಖ ಊದಿಸಿಕೊಂಡಳು. ಊದಿಸಿಕೊಳ್ಳಲಿ.

ಕೊನೇ ನಿಮಿಷ. ಸ್ಕೋರ್ ಸಮ. ಸರ್ ನುಗ್ಗಿ ಬಂದು ತಮ್ಮ ಆಟಗಾರ್ತಿಯ ಹೆಗಲು ಹಿಡಿದು ತಿರುಗಿಸಿದರು! ಕಾಲು ನೋಡಿದೆ. ಊದಿದೆ. ಎರಡೂ ಕೈ ಸೇರಿಸಿ ಟೆಕ್ನಿಕಲ್ ಫೌಲಿನ 'ಟಿ' ತೋರಿಸಿದೆ.

"ನನಗಾ?"

"ಹೌದು ಸರ್, ನಿಮಗೇ."

ಕೋಚಮ್ಮನ ಟೀಮಿಗೆ ಫ್ರೀ ಥ್ರೋ. ಬಿತ್ತು. ಅವರೇ ಇನ್ನೊಂದು ಬಾಸ್ಕೆಟ್ ಹಾಕಿ ಗೆದ್ದರು. ಸರ್ ಕೈ ಕುಲುಕದೆ ಹೋದರು.

ಮನೇಲಿ ಅಮ್ಮ, "ಅವರ ಕೈಲಿ ಕಲಿತು ಅವರ ಮೇಲೇ ಊದಿದ್ಯಾ?"

"ಹೂಂ. ಇನ್ನೊಂದ್ಸಲ ಬಂದ್ರೂ ಊದ್ತೀನಿ."

ಹಾಗಂದೆ ನಿಜ. ಊಟ ಮಾತ್ರ ಅರ್ಧಕ್ಕೇ ಬಿಟ್ಟು ಎದ್ದೆ.

ಮಾರ್ಚ್ 29
ಲೀಗ್ ಶುರು. ಮೊದಲ ಮ್ಯಾಚೇ ಸರ್ ಟೀಮಿಂದು. "ನಮಸ್ಕಾರ ಸರ್" ಅಂದೆ. ಕಿವುಡರ ಹಾಗೆ ಹೋದರು. ಹೋಗಲಿ, ನನ್ನ ಕೆಲಸ ನನಗೆ.

ಮೂರನೇ ಕ್ವಾರ್ಟರ್‌ನಲ್ಲಿ ಅವರ ಕ್ಯಾಪ್ಟನ್ ಕಾಲು ಉಳುಕಿ ಬಿದ್ದಳು. ನೋವಿಗೆ ಕಿರುಚ್ತಿದ್ದಾಳೆ. ಸೀಟಿ ಊದಿ ತಿರುಗಿದೆ. ಬೇರೆ ಯಾವ ದಿನವಾದರೂ ಸರ್ ಅಷ್ಟು ಹೊತ್ತಿಗೆ ಕೋರ್ಟ್ ಮಧ್ಯದಲ್ಲಿರುತ್ತಿದ್ದರು. ಇವತ್ತು ಗೆರೆ ಹತ್ರ ತಡೆದು ನಿಂತಿದ್ದಾರೆ. ಮುಷ್ಟಿ ಬಿಗಿದಿದೆ, ಕಣ್ಣು ಹುಡುಗಿ ಮೇಲೆ.

"ಬರ್ಲಾ ಮೇಡಂ?"

ಮೇಡಂ! ನನ್ನನ್ನ!

"ಬೇಗ ಬನ್ನಿ ಸರ್."

ಓಡಿ ಬಂದರು. ಇಬ್ಬರೂ ಸೇರಿ ಅವಳನ್ನು ಎತ್ತಿ ಬೆಂಚಿಗೆ ಸೇರಿಸಿದೆವು. ಆಮೇಲೆ ನನ್ನ ಕಡೆ ನೋಡಲೂ ಇಲ್ಲ. ಅವರು ನೋಡಬೇಕು ಅಂತ ನನಗೂ ಅನ್ನಿಸಲಿಲ್ಲ.

ಇದನ್ನ ಬರೀತಿದ್ದ ಹಾಗೇ ಮನೆ ಹೊರಗೆ ಸ್ಕೂಟರ್ ನಿಂತ ಸದ್ದು. ಅಮ್ಮ ಬಾಗಿಲು ತೆಗೀತಿದ್ದಾಳೆ. "ಅಯ್ಯೋ, ಸರ್! ಬನ್ನಿ ಬನ್ನಿ, ಕೂತ್ಕೊಳ್ಳಿ..."

ಬೈಯೋಕೆ ಬಂದಿದ್ರೂ ಸರಿ, ಊದಿದ್ದು ತಪ್ಪಾಯ್ತು ಅಂತ ಮಾತ್ರ ನಾನು ಅನ್ನಲ್ಲ. ಹೋಗಿ ಟೀ ಇಡ್ತೀನಿ.