ಗೋಣಿಬೀಡಿನ ಜಪಾನ್ ಪೆಟ್ಟಿಗೆ

ಮೂಡಿಗೆರೆ
10-11-1985

ಪ್ರೀತಿಯ ವಸಂತಕ್ಕನಿಗೆ,

ಅಖ್ತರ್ ಬಾನುವಿನ ಸಲಾಮು, ನಮ್ಮ ಅತ್ತೆಯ ದುವಾ. ಇಲ್ಲಿ ನಾವೆಲ್ಲ ಕ್ಷೇಮ. ಕಳಸದಲ್ಲಿ ನೀವು, ಅಣ್ಣ, ಮಕ್ಕಳು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿಮ್ಮ ಮೂರು ಕಾಗದಕ್ಕೆ ಒಂದೂ ಉತ್ತರ ಬರೆಯದವಳನ್ನು ಏನೇನು ಬೈದುಕೊಂಡಿರಬಹುದು ಎಂದು ನನಗೆ ಗೊತ್ತು. ಹತ್ತು ವರ್ಷ ಪಕ್ಕದ ಮನೆಯಲ್ಲಿದ್ದು ನಿಮ್ಮ ಬೈಗುಳ ಕೇಳಿಸಿಕೊಂಡವಳು ನಾನು. ಎಲ್ಲವನ್ನೂ ಒಪ್ಪಿಕೊಂಡಿದ್ದೇನೆ, ಈಗ ಕ್ಷಮಿಸಿಬಿಡಿ.

"ನಿನ್ನ ಗಂಡ ಸಿಕ್ಕಿದರೋ ಇಲ್ಲವೋ, ಅದನ್ನಾದರೂ ಬರೆ" ಎಂದು ಕೊನೆಯ ಕಾಗದದಲ್ಲಿ ಕೇಳಿದ್ದೀರಿ. ಸಿಕ್ಕಿದರು ಅಕ್ಕ. ಈಗ ಒಳಗೆ ಮಲಗಿದ್ದಾರೆ. ಗೊರಕೆ ಎಷ್ಟು ಜೋರಾಗಿದೆಯೆಂದರೆ, ರಿಪೇರಿಗೆ ಬಂದು ಮೇಜಿನ ಮೇಲಿರುವ ರೇಡಿಯೋಗಳಲ್ಲಿ ಯಾವುದೋ ಒಂದು ತಾನಾಗಿಯೇ ಶುರುವಾಯಿತೇನೋ ಎಂದು ಅತ್ತೆ ಎರಡು ಸಲ ಬಂದು ನೋಡಿ ಹೋದರು.

ಮೊದಲಿನಿಂದಲೇ ಹೇಳುತ್ತೇನೆ. ಗೋಣಿಬೀಡಿನ ಗಂಗಾಧರಪ್ಪ ಸಾಹುಕಾರರು ನಿಮಗೆ ನೆನಪಿರಬೇಕು. ದೊಡ್ಡ ಎಸ್ಟೇಟು, ದೊಡ್ಡ ಮೀಸೆ. ನೀವು ಇಲ್ಲಿ ಟೀಚರಾಗಿದ್ದಾಗ ನಿಮ್ಮ ಸ್ಕೂಲಿನ ವಾರ್ಷಿಕೋತ್ಸವಕ್ಕೆ ಬಂದು, ಒಂದು ಗಂಟೆ ಭಾಷಣ ಮಾಡಿ, ಮಕ್ಕಳಿಗೆಂದು ತಂದಿದ್ದ ಪೆಪ್ಪರಮಿಂಟನ್ನು ಜೀಪಿನಲ್ಲೇ ಮರೆತು ವಾಪಸು ಒಯ್ದರಲ್ಲ, ಅವರೇ. ಈ ಬೇಸಿಗೆಯಲ್ಲಿ ಅವರು ಬೆಳೆಗಾರರ ಒಂದು ಗುಂಪಿನ ಜೊತೆ ಜಪಾನಿಗೆ ಹೋಗಿಬಂದರು. ಅಲ್ಲಿಯ ಬೆಟ್ಟ ಅವರಿಗೆ ಹಿಡಿಸಲಿಲ್ಲವಂತೆ, ನಮ್ಮ ಬಾಬಾಬುಡನ್‌ಗಿರಿಯ ಲಕ್ಷಣ ಅದಕ್ಕಿಲ್ಲವಂತೆ. ಊಟ ಸೇರಲಿಲ್ಲವಂತೆ. ಆದರೆ ಕಾಫಿ ಕೊಳ್ಳುವವನೊಬ್ಬ ಅವರನ್ನು ತನ್ನ ಅಳಿಯನ ಕಂಪನಿಗೆ ಕರೆದೊಯ್ದ. ಅಲ್ಲಿ ವಿಡಿಯೋ ಗೇಮ್ ಮಾಡುತ್ತಾರಂತೆ, ಟೀವಿಯೊಳಗೆ ಬೊಂಬೆ ಓಡಿಸುವ ಆಟ. ಆಟ ಮಾಡುವ ಹುಡುಗರು ಮನೆಗೇ ಹೋಗುವುದಿಲ್ಲವಂತೆ. ಮೇಜಿನ ಕೆಳಗೆ ಮಲಗುತ್ತಾರೆ, ಎದ್ದು ಬಟ್ಟಲಿನಲ್ಲಿ ಶಾವಿಗೆ ತಿನ್ನುತ್ತಾರೆ, ಮತ್ತೆ ಮೇಜಿಗೆ ಕೂರುತ್ತಾರೆ. ಕೆಲಸ ಯಾವಾಗ ಮುಗಿಯುತ್ತದೆಂದು ಅವರ ಯಜಮಾನನಿಗೂ ಗೊತ್ತಿರಲಿಲ್ಲ, ಆದರೂ ಅವನು ಎದೆಯುಬ್ಬಿಸಿಕೊಂಡು ತೋರಿಸಿದನಂತೆ. ಇಡೀ ಜಪಾನಿನಲ್ಲಿ ನಮ್ಮ ಸಾಹುಕಾರರಿಗೆ ಹಿಡಿಸಿದ್ದು ಆ ಮೇಜಿನ ಕೆಳಗಿನ ಹುಡುಗರು ಮಾತ್ರ.

ಬರುವಾಗ ಒಂದು ಆಟವನ್ನೂ ಕೊಂಡುತಂದರು. ನಮ್ಮ ಟೀವಿಗೆ ಹಚ್ಚಿದರೆ ಬರೀ ಗೆರೆ. ಆಗ ನೆನಪಾದವರು ನಮ್ಮ ಮನೆಯವರು. ಮೂಡಿಗೆರೆಯಲ್ಲಿ ಏನೇ ಕೆಟ್ಟರೂ ಜಿಯಾಉದ್ದೀನ್‌ಗೆ ಹೇಳಿಕಳಿಸುವುದು ವಾಡಿಕೆಯಲ್ಲವೇ. ಇವರು ಹೋಗಿ ನೋಡಿ, "ಸಾಹುಕಾರ್ರೇ, ಇದು ನನ್ನ ಕೈಲಾಗೋದಲ್ಲ. ಬೇಕಾದ್ರೆ ಟೀವಿ ಇಲ್ದೆ, ತಗಡು, ಬಲ್ಬು, ಹೊಲಿಗೆ ಮಿಷಿನ್ ಮೋಟಾರು ಹಾಕಿ, ಗಾಜಿನ ಹಿಂದೆ ಓಡೋ ಹಂಗೆ ಒಂದು ಆಟ ಮಾಡ್ಕೊಡ್ತೀನಿ" ಎಂದರು. ಸಾಹುಕಾರರು, "ಮಾಡು ಮಾರಾಯ. ಆಗಸ್ಟ್ ಹದಿನೈದಕ್ಕೆ ನಮ್ಮ ಕ್ಲಬ್ಬಲ್ಲಿ ಇಟ್ಬಿಡಾಣ" ಎಂದರು.

ಆಟ ಬಹಳ ಸರಳ. ನಾಣ್ಯ ಹಾಕಿದರೆ ಶುರು. ತಗಡಿನ ಒಬ್ಬಳು ಹೆಂಗಸು, ಸೊಂಟಕ್ಕೆ ಬುಟ್ಟಿ. ಸೈಕಲ್ ಚೈನಿನ ಮೇಲೆ ಕಾಫಿ ಗಿಡಗಳ ನಡುವೆ ಓಡುತ್ತಾಳೆ. ಹಿಂದೆ ಆನೆ. ನೀವು ಹಿಡಿಕೆ ತಿರುಗಿಸಿ ಅವಳನ್ನು ತಪ್ಪಿಸಬೇಕು. ಈ ತುದಿಯಿಂದ ಆ ತುದಿಯ ಮನೆ ಮುಟ್ಟಿದರೆ ಮನೆಯಲ್ಲಿ ದೀಪ ಹತ್ತುತ್ತದೆ, ಗೆದ್ದಿರಿ. ಗಾಜು, ಮರದ ಕೆಲಸಕ್ಕೆ ಬಡಗಿ ಗುರುವಯ್ಯ ಜೊತೆಗೆ. ಎರಡು ವಾರದಲ್ಲಿ ಮುಗಿಸಿ ಬರುತ್ತೇನೆಂದು ಹೋದವರು ಇವರು.

ಆದರೆ ಸಾಹುಕಾರರಿಗೆ ಊಟವಾದ ಮೇಲೆ ಒಂದು ನಿದ್ದೆಯ ಅಭ್ಯಾಸ. ನಿದ್ದೆಯಿಂದ ಎದ್ದರೆ ಒಂದು ಹೊಸ ಐಡಿಯಾ. ಒಂದು ದಿನ ಆನೆ ಬೇಡ, ಕಾಡುಕೋಣ ಮಾಡು ಎಂದರು. ಕಾಡುಕೋಣ ಆದ ಮೇಲೆ, ಆನೆಯೇ ಚೆನ್ನಾಗಿತ್ತಲ್ಲ ಎಂದರು. ಆಮೇಲೆ ತಮ್ಮ ಜೀಪೂ ಅದರಲ್ಲಿ ಬರಬೇಕು, ನಡುವೆ ಹಾಡು ಬರಬೇಕು. ಇನ್ನೊಂದು ದಿನ, "ಮಲೆನಾಡು ಅಂದ್ಮೇಲೆ ಮಳೆ ಬೇಡ್ವೇನೋ?" ಎಂದು ಪೆಟ್ಟಿಗೆಯೊಳಗೆ ನೀರಿನ ಪೈಪು ಹಾಕಿಸಿದರು. ಆ ಮಳೆ ವೈರಿಗೆ ತಾಗಿ, ಗುರುವಯ್ಯನಿಗೆ ಶಾಕ್ ಹೊಡೆದು, ಆ ಮನುಷ್ಯ ಸಂಜೆಯವರೆಗೆ ಯಾರ ಜೊತೆಯೂ ಮಾತಾಡಲಿಲ್ಲವಂತೆ. ಹೀಗೆ ಆಗಸ್ಟ್ ಹದಿನೈದು ಹೋಯಿತು. ಗಣೇಶನ ಹಬ್ಬಕ್ಕೆ ಎಂದರು. ಅದೂ ಹೋಯಿತು.

ಕೆಲಸ ತಡವಾದಾಗ ಸಾಹುಕಾರರು ತಮಗೆ ಗೊತ್ತಿದ್ದ ಉಪಾಯ ಮಾಡಿದರು. ಹಣ್ಣು ಕೊಯ್ಯುವುದು ತಡವಾದರೆ ಏನು ಮಾಡುತ್ತಾರೆ? ಆಳು ಹೆಚ್ಚು ಹಾಕುತ್ತಾರೆ. ಒಬ್ಬ ಪಂಪ್‌ಸೆಟ್ ಮೆಕ್ಯಾನಿಕ್ಕು ಬಂದ, ಚಿಕ್ಕಮಗಳೂರಿನಿಂದ ಒಬ್ಬ ಎಲೆಕ್ಟ್ರಿಷಿಯನ್ ಬಂದ, ಮದುವೆ ಮನೆಗೆ ಸೀರಿಯಲ್ ಸೆಟ್ ಕಟ್ಟುವವನೊಬ್ಬ ಬಂದ. ಒಬ್ಬ ಬೆಸೆದದ್ದನ್ನು ಇನ್ನೊಬ್ಬ ಕತ್ತರಿಸುವುದು, ಮೂರನೆಯವನು ಇಬ್ಬರನ್ನೂ ಬೈಯುವುದು. ಬೆಳಿಗ್ಗೆ ಗಂಟೆ ಹೊಡೆದು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಹಾಜರಿ ಕರೆಯುವುದು. ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಮಳೆಗಾಲವೆಂದು ಕಾಫಿ ತೂಗುವ ಮಿಷಿನ್ನು ಇವರೆಲ್ಲ ಕೆಲಸ ಮಾಡುತ್ತಿದ್ದ ಗೋದಾಮಿನಲ್ಲೇ ಸುಮ್ಮನೆ ನಿಂತಿತ್ತು ನೋಡಿ, ಸಾಹುಕಾರರ ಕಣ್ಣು ಅದರ ಮೇಲೆ ಬಿತ್ತು.

ದಿನಾ ಸಂಜೆ ಪೆಟ್ಟಿಗೆಯನ್ನು ತೂಗಿಸತೊಡಗಿದರು. ಕೊಯ್ದ ಹಣ್ಣು ತೂಗಿ ಆಳಿನ ಕೆಲಸ ಅಳೆದು ಅಭ್ಯಾಸ, ಅವರ ತಪ್ಪೇನೂ ಇಲ್ಲ. ಒಂದು ದಿನ ನಮ್ಮ ಮನೆಯವರು ದೊಡ್ಡ ಟ್ರಾನ್ಸ್‌ಫಾರ್ಮರ್ ತೆಗೆದು, ಬಹಳ ತಲೆ ಓಡಿಸಿ ಸಣ್ಣದು ಕೂರಿಸಿದರು. ಸಂಜೆ ಸಾಹುಕಾರರು ಮುಳ್ಳು ನೋಡಿ, "ನಿನ್ನೆಗಿಂತ ಕಡ್ಮೆ ಆಗೈತಲ್ಲೋ, ಬೆಳಿಗ್ಗಿಂದ ಏನು ಮಲ್ಕೊಂಡಿದ್ರಾ?" ಎಂದು ಎಲ್ಲರಿಗೂ ಸೇರಿಸಿ ಬೈದರು. ಮರುದಿನದಿಂದ ಗುರುವಯ್ಯ ಸಂಜೆಯಾಗುತ್ತಲೇ ಪೆಟ್ಟಿಗೆಯ ಅಡಿಯ ಖಾನೆಗೆ ಕಲ್ಲೋ ಕಬ್ಬಿಣವೋ ಕೈಗೆ ಸಿಕ್ಕಿದ್ದೊಂದನ್ನು ಹಾಕಿಬಿಡುತ್ತಿದ್ದ. ಸಾಹುಕಾರರಿಗೆ ತುಂಬ ಸಮಾಧಾನವಾಯಿತು. ಕೆಲಸ ಈಗ ದಾರಿಗೆ ಬಂತು ಎಂದು ಎಲ್ಲರ ಹತ್ತಿರವೂ ಹೇಳಿಕೊಂಡರಂತೆ.

ಇಷ್ಟನ್ನೂ ನನಗೆ ತಂದು ಹೇಳುತ್ತಿದ್ದವನು ಬಸ್ಸಿನ ಕಂಡಕ್ಟರ್ ರುದ್ರಪ್ಪ. ಇವರ ಊಟದ ಕ್ಯಾರಿಯರು ಅವನ ಬಸ್ಸಿನಲ್ಲಿ ಗೋಣಿಬೀಡಿಗೆ ಹೋಗುತ್ತಿತ್ತು. ಖಾಲಿ ಕ್ಯಾರಿಯರಿನ ಜೊತೆ, "ಅಕ್ಕಾವ್ರೇ, ನಾಳೆ ಬರ್ತಾರಂತೆ" ಎಂಬ ಮಾತು ವಾಪಸು ಬರುತ್ತಿತ್ತು. ಬಸ್ಸಿನಲ್ಲಿ ಕೂತರೆ ಅರ್ಧ ಗಂಟೆಯ ದಾರಿ ಅಕ್ಕ. ಸಾಹುಕಾರರು ಹೊಸ ಚಾಪೆ ತರಿಸಿ ಮೇಜಿನ ಕೆಳಗೆ ಹಾಸಿಕೊಟ್ಟಿದ್ದಾರೆ, ಹೇಗೆ ಮಲಗಬೇಕೆಂದು ತಾವೇ ಮಲಗಿ ತೋರಿಸಿದ್ದಾರೆ ಎಂದೂ ರುದ್ರಪ್ಪ ಹೇಳಿದ. ನಮ್ಮ ಅತ್ತೆ, "ನನ್ನ ಮಗ ದುಬೈಗೆ ಹೋಗಿದ್ರೆ ವರ್ಷಕ್ಕೊಂದ್ಸಲ ಆದ್ರೂ ಬರ್ತಿದ್ದ. ಗೋಣಿಬೀಡಿಗೆ ಹೋಗಿ ಕಳೆದುಹೋದ" ಎಂದು ಬಂದವರೆದುರೆಲ್ಲ ಹೇಳುತ್ತಿದ್ದರು. ಯಾವ ಹೊತ್ತಿಗೆ ಬರುತ್ತಾರೋ ಎಂದು ನಾನು ಬಾಗಿಲಿಗೆ ಚಿಲಕ ಹಾಕದೆ ಮಲಗುತ್ತಿದ್ದೆ. ಒಂದು ಬೆಳಗಿನ ಜಾವ ಬಾಗಿಲು ಕಿರುಗುಟ್ಟಿತು. ಬಂದರು ಎಂದು ಎದ್ದರೆ ಪಕ್ಕದ ಮನೆಯ ಮೇಕೆ. ಅತ್ತೆಯ ಎಲೆಯಡಿಕೆ ತಟ್ಟೆಯಲ್ಲಿದ್ದ ಎಲೆಯನ್ನೆಲ್ಲ ತಿಂದು ನನ್ನ ಮುಖ ನೋಡುತ್ತಾ ನಿಂತಿತ್ತು.

ಬಕ್ರೀದಿಗೂ ಬರಲಿಲ್ಲ. ಹೊಸ ಅಂಗಿ ಹೊಲಿಸಿ ಇಟ್ಟಿದ್ದೆ. ಮಧ್ಯಾಹ್ನದವರೆಗೆ ಕಾದು, ಬಿರಿಯಾನಿಯನ್ನು ಬಸ್ಸಿಗೇ ಹಾಕಿದೆ. ಕ್ಯಾರಿಯರು ಚೆನ್ನಾಗಿ ತೊಳೆದು ವಾಪಸು ಬಂತು. ಅದೂ ಜಪಾನಿನ ಪದ್ಧತಿಯೇನೋ. ಹಬ್ಬದ ದಿನವೂ ಮನೆಗೆ ಬಿಡದ ಆ ಸಾಹುಕಾರರಿಗೆ ಅವತ್ತು ನಾನು ಹಾಕಿದ ಶಾಪ ಬರೆದರೆ ಈ ಕಾಗದ ಟಪಾಲಿನವರು ಮುಟ್ಟಲಾರರು.

ಆಯುಧಪೂಜೆಯ ಸಂಜೆ ಕ್ಲಬ್ಬಿನಲ್ಲಿ ಪೆಟ್ಟಿಗೆ ಇಡುವುದು ಖಂಡಿತ ಎಂದು ಸುದ್ದಿ ಬಂದಾಗ ನನಗೆ ತಡೆಯಲಾಗಲಿಲ್ಲ. ಪೂಜೆಗೆ ಇನ್ನೂ ನಾಲ್ಕು ದಿನವಿರುವಾಗಲೇ ಬುರ್ಖಾ ಹಾಕಿಕೊಂಡು ನಾನೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಯಬೇಕಾದ್ದನ್ನು ಜೋಡಿಸಿಕೊಂಡೆ. ಗೋದಾಮಿನಲ್ಲಿ ಮೇಜಿನ ಕೆಳಗಿನಿಂದ ಎರಡು ಕಾಲು ಹೊರಗೆ ಕಾಣುತ್ತಿದ್ದವು. ಹಿಮ್ಮಡಿ ನೋಡಿಯೇ ಗುರುತು ಹಿಡಿದೆ. ಎಳೆದೆ. ಗಡ್ಡ ಬಿಟ್ಟುಕೊಂಡು, ಕಣ್ಣು ಕೆಂಪಾಗಿ, ಒಂದು ಸುತ್ತು ಇಳಿದುಹೋದ ಮನುಷ್ಯ ಹೊರಗೆ ಬಂದರು. ನನ್ನನ್ನು ನೋಡಿ, "ಅಖ್ತರ್, ಬಂದ್ಯಾ, ಒಳ್ಳೇದಾಯ್ತು. ಈ ವೈರ್ ಸ್ವಲ್ಪ ಹಿಡ್ಕೋ" ಎಂದರು. ಕೊಟ್ಟರು, ಹಿಡಿದುಕೊಂಡೆ. ಗಂಡನನ್ನು ಕರೆತರಲು ಹೋದವಳು ಮಧ್ಯಾಹ್ನದವರೆಗೆ ವೈರ್ ಹಿಡಿದುಕೊಂಡು ನಿಂತಿದ್ದೆ. ನಗಬೇಡಿ ಅಕ್ಕ, ನೀವಾದರೂ ಹಿಡಿಯುತ್ತಿದ್ದಿರಿ.

ಆಮೇಲೆ ಆಟ ತೋರಿಸಿದರು. ಆನೆ ಕಿವಿ ಆಡಿಸುವುದನ್ನು ತೋರಿಸಿದರು, ಗಿಡಗಳಲ್ಲಿ ಹಣ್ಣು ಕೆಂಪಗೆ ಮಿನುಗುವುದನ್ನು ತೋರಿಸಿದರು. ತಗಡಿನ ಹೆಂಗಸಿನ ತಲೆಗೆ ನನ್ನದೇ ಹಸಿರು ದುಪಟ್ಟಾದ ಬಣ್ಣ. ನಿಜ ಹೇಳುತ್ತೇನೆ, ಚೆನ್ನಾಗಿತ್ತು. ನನಗೆ ಹೆಮ್ಮೆಯಾಯಿತು. ಎಷ್ಟು ತಿರುಗಿಸಿದರೂ ಅವಳು ಓಡುತ್ತಲೇ ಇದ್ದಳು. "ಇವಳ ಮನೆ ಎಲ್ಲಿ?" ಎಂದು ಕೇಳಿದೆ. ಇವರು ಅಂಗಿಯ ಜೇಬಿನಿಂದ ಬೆಂಕಿಪೆಟ್ಟಿಗೆಯಷ್ಟಿದ್ದ ತಗಡಿನ ಮನೆ ತೆಗೆದು ತೋರಿಸಿದರು. "ಸಾಹುಕಾರ್ರು ತೆಗೆಸಿದ್ರು. ಮನೆ ಮುಟ್ಟಿದ್ರೆ ಆಟ ಮುಗಿದೋಯ್ತದೆ, ಇನ್ನೊಂದು ನಾಣ್ಯ ಯಾರು ಹಾಕ್ತಾರೆ ಅಂದ್ರು." ಅಷ್ಟರಲ್ಲಿ ಸಾಹುಕಾರರೇ ಬಂದರು. ಬೈಯಲು ಬಾಯಿ ತೆರೆದೆ. ಅವರೇ ಮೊದಲು ಏನೋ ಒಂದು ಮಾತು ಹೇಳಿದರು. ನಾನು ಬಾಯಿ ಮುಚ್ಚಿಕೊಂಡು ಮೂರು ಗಂಟೆಯ ಬಸ್ಸಿಗೆ ವಾಪಸು ಬಂದೆ. ಅದಿರಲಿ.

ಆಯುಧಪೂಜೆಯ ದಿನದ ಕಥೆ ರುದ್ರಪ್ಪ ಹೇಳಿದ ಹಾಗೆಯೇ ಬರೆಯುತ್ತೇನೆ. ಎಂಟು ಆಳಿಗೆ ಪೆಟ್ಟಿಗೆ ಮೇಲೇಳಲಿಲ್ಲ. ಕಾಫಿ ಮೂಟೆಯ ಲಾರಿಗೆ ಉರುಳಿಸಿ ತಂದರು. ಕ್ಲಬ್ಬಿನದು ಬಿಳಿ ದೊರೆಗಳ ಕಾಲದ ಹಲಗೆಯ ನೆಲ. ಬೆಳೆಗಾರರೆಲ್ಲ ಸಂಸಾರ ಸಮೇತ ಬಂದು ಕೂತಿದ್ದರು. ಕುಂಬಳಕಾಯಿ ಒಡೆದು, ಸಾಹುಕಾರರು ನಾಣ್ಯ ಹಾಕಿದರು. ಹಾಡು ಬಂತು, ಹೆಂಗಸು ಓಡಿದಳು, ಆನೆ ಹೊರಟಿತು. ನೆಲ ಒಂದು ಸಲ ನರಳಿತಂತೆ, ಪೆಟ್ಟಿಗೆ ಸೊಂಟದವರೆಗೆ ಕೆಳಗಿಳಿದು ಹೋಯಿತು. ಆನೆ ನಿಂತಿತು. ತಗಡಿನ ಹೆಂಗಸು ಮಾತ್ರ ಓಡುತ್ತಲೇ ಇದ್ದಳು.

ಸಾಹುಕಾರರು, "ಇದು ಎಷ್ಟು ತೂಕ ಇತ್ತೋ?" ಎಂದು ಕೇಳಿದರು. ಗುರುವಯ್ಯ ಕೈ ಕಟ್ಟಿಕೊಂಡು, "ನೀವೇ ದಿನಾ ತೂಗಿಸ್ತಿದ್ರಲ್ಲ ಅಯ್ಯಾ" ಎಂದನಂತೆ. ಅಡಿಯ ಖಾನೆ ಬಿಚ್ಚಿದರೆ ಜೀಪಿನ ಹಳೆಯ ಆಕ್ಸಲ್ಲು, ಪೈಪಿನ ತುಂಡು, ಹೊಳೆಯ ಕಲ್ಲು. ಕೊನೆಗೆ ಹೊರಬಂದ ಗುಂಡುಕಲ್ಲನ್ನು ನೋಡಿ ಸಾಹುಕಾರರ ಹೆಂಡತಿ, "ನಮ್ಮನೆ ಒಳಕಲ್ಲಿಂದು" ಎಂದು ಎದ್ದು ನಿಂತರಂತೆ. ಗಣೇಶನ ಹಬ್ಬ ಕಳೆದಾಗಿನಿಂದ ಅವರ ಮನೆಯಲ್ಲಿ ಚಟ್ನಿಯೇ ಇರಲಿಲ್ಲವಂತೆ.

ಮರುದಿನ ಮೊದಲ ಬಸ್ಸಿಗೆ ಇವರು ಬಂದರು. ಬಂದವರೇ ಮಲಗಿದರು. ಇಗರ್ಜಿಯ ಗಂಟೆ ಹೊಡೆದರೆ ಈಗಲೂ ನಿದ್ದೆಗಣ್ಣಿನಲ್ಲಿ, "ಬಂದೆ ರೈಟರೇ" ಎಂದು ಎದ್ದು ನಿಲ್ಲುತ್ತಾರೆ. ಆ ತಗಡಿನ ಮನೆಗೆ ಟಾರ್ಚಿನ ಸೆಲ್ಲು ಜೋಡಿಸಿ ಕಪಾಟಿನ ಮೇಲೆ ಇಟ್ಟಿದ್ದಾರೆ. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ. ಅತ್ತೆ ದಿನವೆಲ್ಲ ಒತ್ತಿ ಒತ್ತಿ ಆಗಲೇ ಎರಡು ಸೆಲ್ಲು ಮುಗಿಸಿದ್ದಾರೆ. ನಿನ್ನೆ ರುದ್ರಪ್ಪ ಸಾಹುಕಾರರಿಂದ ಮಾತು ತಂದ: ಇನ್ನೊಂದು ಪೆಟ್ಟಿಗೆ ಮಾಡಬೇಕಂತೆ, ಬುದ್ಧಿ ಬಂದಿದೆಯಂತೆ, ಈ ಸಲ ತೂಗುವುದಿಲ್ಲವಂತೆ, ಟೇಪು ಹಿಡಿದು ಅಳೆಯುತ್ತಾರಂತೆ. ಇವರು "ನೋಡಾಣ" ಎಂದರು.

ದೀಪಾವಳಿ ಬಂತು. ನಿಮ್ಮ ಮನೆಯಲ್ಲಿ ಬೆಳಕು ತುಂಬಿರಲಿ, ಮಕ್ಕಳಿಗೆ ಅಲ್ಲಾಹ್ ಒಳ್ಳೆಯ ಬುದ್ಧಿ, ಒಳ್ಳೆಯ ಆರೋಗ್ಯ ಕೊಡಲಿ. ಅಣ್ಣನಿಗೆ ಸಲಾಮು ಹೇಳಿ. ನಿಮ್ಮ ಕೈಯ ಕಡುಬು ನನಗೊಂದು ಪಾಲು ಬಾಕಿ ಇದೆ, ಮರೆಯಬೇಡಿ.

ನಿಮ್ಮ ತಂಗಿ,
ಅಖ್ತರ್ ಬಾನು

ಮರೆತ ಮಾತು: ಮರೆತದ್ದಲ್ಲ ಅಕ್ಕ, ಬರೆಯಲು ಕೈ ಬರಲಿಲ್ಲ. ಗೋದಾಮಿನಲ್ಲಿ ಸಾಹುಕಾರರು ಹೇಳಿದ್ದು ಇಷ್ಟು: "ಬಂದ್ಯೇನಮ್ಮಾ, ನಿನ್ನ ಗಂಡನ್ನ ನೀನೇ ಕರ್ಕೊಂಡೋಗು. ಬಕ್ರೀದಿಗೆ ಎಲ್ರಿಗೂ ರಜಾ ಕೊಟ್ಟೆ, ಇವ್ನಿಗೆ ಜೀಪೂ ಕಳಿಸ್ತೀನಿ ಅಂದೆ. ಎಲ್ರೂ ಹೋದ್ರು. ಇವ್ನು ಆನೆ ಕಿವಿ ಸರಿ ಮಾಡ್ಬೇಕು ಅಂತ ಕೂತ." ಇವರು ಇಲ್ಲ ಎನ್ನಲಿಲ್ಲ, ತಲೆಯೂ ಎತ್ತಲಿಲ್ಲ. ಆ ಆನೆಯ ಕಿವಿ ತೋರಿಸುವಾಗ ಇವರ ಮುಖದಲ್ಲಿದ್ದ ನಗುವನ್ನು ಮದುವೆಯಾದಾಗಿನಿಂದ ನಮ್ಮ ಮನೆಯೊಳಗೆ ನಾನು ಒಂದು ದಿನವೂ ಕಂಡಿಲ್ಲ. ಯಾರನ್ನು ಬೈಯಲಿ ಹೇಳಿ. ಇವರು ಬಂದು ಮೂರು ವಾರವಾಗುತ್ತಾ ಬಂತು, ಒಳಗೇ ಮಲಗಿದ್ದಾರೆ. ಆದರೂ ಬಾಗಿಲಿಗೆ ಚಿಲಕ ಹಾಕಲು ನನಗೆ ಇನ್ನೂ ಮನಸ್ಸು ಬರುತ್ತಿಲ್ಲ.