ಗಾಳಿ ಸೋರುವ ಜಾಗ

ಆಸ್ಪತ್ರೆ, ಮೂರನೇ ಮಹಡಿ, ಕಿಟಕಿ ಪಕ್ಕದ ಮಂಚ
ಹನ್ನೆರಡನೇ ತಾರೀಖು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಇವಳೇ,

ನಿನ್ನ ನೆಗಡಿ ಹೇಗಿದೆ? ಕೆಮ್ಮು ಇಳಿಯಿತೇ? ಬಿಸಿನೀರು ಕುಡಿ, ಹಟ ಮಾಡಬೇಡ. ನಿನ್ನ ಒಂದು ಸೀನಿಗೆ ಹೆದರಿ ಒಂಬತ್ತು ದಿನದಿಂದ ಇವರು ನಿನ್ನನ್ನು ಒಳಗೇ ಬಿಟ್ಟಿಲ್ಲ. ಹೊಸ ಶ್ವಾಸಕೋಶಕ್ಕೆ ಸೋಂಕು ತಗುಲಬಾರದಂತೆ. ಯಾರೋ ಪುಣ್ಯಾತ್ಮರು ಕೊಟ್ಟು ಹೋದದ್ದು, ಕಾಪಾಡಿಕೊಳ್ಳಬೇಕು, ಸರಿ. ಆದರೆ ಮೂವತ್ತು ವರ್ಷ ನಿನ್ನ ಸೀನು ಕೇಳಿಯೂ ಬದುಕಿದವನು ನಾನು!

ಇಲ್ಲಿ ನನಗೆ ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿದೆ. ಗಂಟಲಿನ ಕೊಳವೆ ತೆಗೆದರಲ್ಲ, ಈಗ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕು. ಯಂತ್ರ ಅದರೊಳಗೆ ಗಾಳಿ ಒತ್ತುತ್ತದೆ, ನಾನು ಎಳೆದುಕೊಳ್ಳಬೇಕು. ಮಾತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸಾಲದ್ದಕ್ಕೆ ಗಾಳಿ ಸೋರುತ್ತದೆ, ಯಂತ್ರ ಕೀ ಕೀ ಎಂದು ಬಡಿದುಕೊಳ್ಳುತ್ತದೆ. ನರ್ಸಮ್ಮ ಓಡಿಬಂದು ಪಟ್ಟಿ ಬಿಗಿಯುತ್ತಾರೆ, ಇನ್ನೂ ಜಾಸ್ತಿ ಸೋರುತ್ತದೆ. ಮೂರು ಮಾಸ್ಕು ಬದಲಾಯಿಸಿದರು. ನಿನ್ನೆ ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ನೋಡಿ, “ನಾಳೆ ಸಂಜೆಯೊಳಗೆ ಸುಧಾರಿಸದಿದ್ರೆ ಮತ್ತೆ ಕೊಳವೆ ಹಾಕಬೇಕಾಗತ್ತೆ” ಅಂದರು. ಆಪರೇಷನ್ನಿಗೂ ನಾನು ಇಷ್ಟು ಹೆದರಿರಲಿಲ್ಲ ಕಣೇ.

ನಿಜ ಹೇಳಿಬಿಡುತ್ತೇನೆ. ನಲವತ್ತು ವರ್ಷ ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆ ನೋಡಿ ಪಂಕ್ಚರ್ ಹಾಕಿದವನಿಗೆ ಗಾಳಿ ಎಲ್ಲಿ ಸೋರುತ್ತಿದೆ ಎಂದು ಗೊತ್ತಾಗುವುದಿಲ್ಲವೇ? ಮೊದಲ ದಿನವೇ ಗೊತ್ತಿತ್ತು. ಮೇಲ್ತುಟಿಯ ಹತ್ತಿರ, ಮೀಸೆಯ ಸಂದಿಯಲ್ಲಿ! ನರ್ಸಮ್ಮ, “ಮೀಸೆಯಿಂದ ಇರಬಹುದಾ ಯಜಮಾನ್ರೇ, ತೆಗೆದುಬಿಡೋಣ್ವಾ?” ಎಂದು ಕೇಳಿಯೂ ಕೇಳಿದರು. ನಾನು ತಲೆ ಅಡ್ಡಡ್ಡ ಆಡಿಸಿ, ಮಾಸ್ಕೇ ಸರಿಯಿಲ್ಲವೆಂದು ಕೈಸನ್ನೆಯಲ್ಲೇ ಜಗಳ ತೆಗೆದೆ. ಪಾಪ, ನಂಬಿದರು. ಮದುವೆಯಾದಾಗಿನಿಂದ ನೀನು “ಆ ಪೊರಕೆ ತೆಗೀರಿ” ಅನ್ನುತ್ತಿದ್ದೆ, ನಾನು “ತಲೆ ಹೋದ್ರೂ ಮೀಸೆ ಹೋಗಲ್ಲ” ಅನ್ನುತ್ತಿದ್ದೆ. ಈಗ ತಲೆಯೇ ಹೋಗುವ ಹಾಗಿದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ಗಾದೆ ಕಟ್ಟಿದವನಿಗೆ ಯಾರೂ ಈ ಮಾಸ್ಕು ಹಾಕಿರಲಿಲ್ಲ ಬಿಡು.

ಮಗಳಿಗೆ ನನ್ನ ಆಶೀರ್ವಾದ ಹೇಳು. ಅಂಗಡಿಯ ಪಂಪಿಗೆ ಎಣ್ಣೆ ಬಿಡಲು ಮರೆಯಬೇಡ.

ನಿನ್ನ,
‘ರೀ’

ಮತ್ತೆ: ಇದನ್ನು ಮಡಿಸುವಷ್ಟರಲ್ಲಿ ನಾನೇ ನರ್ಸಮ್ಮನನ್ನು ಕರೆದು ಮೀಸೆ ತೋರಿಸಿದೆ. ಬೋಳಿಸಿಯಾಯಿತು. ಅರ್ಧ ಗಂಟೆಯಿಂದ ಯಂತ್ರ ತೆಪ್ಪಗಿದೆ. ಸಂಜೆಯ ಪರೀಕ್ಷೆ ಇನ್ನೂ ಬಾಕಿ. ನಿನ್ನನ್ನು ಒಳಗೆ ಬಿಟ್ಟ ದಿನ, ಕಿಟಕಿ ಪಕ್ಕ ಬೋಳು ಮುಖದವನು ಯಾರೋ ಮಲಗಿದ್ದಾನೆ ಅಂತ ದಾಟಿ ಹೋಗಬೇಡ. ನಾನೇ ಕಣೇ.