ಹದಿನಾಲ್ಕನೆಯ ಕೋಣೆಯ ಕಲ್ಲು ಮತ್ತು ನನ್ನ ಸಹಿ

ಮಾನ್ಯ ಪ್ರಾಂಶುಪಾಲರೇ,

ನಿಮ್ಮ ಕಾಲೇಜಿನ ಹದಿನಾಲ್ಕನೆಯ ಕೋಣೆಯ ಚಾವಣಿ ಬೀಳುವ ಸ್ಥಿತಿಯಲ್ಲಿದೆ. ಅದು ಬೀಳುವುದಿಲ್ಲವೆಂಬ ನಿಮ್ಮ ನಂಬಿಕೆಗೆ ಕಡತದಲ್ಲಿರುವ ಏಕೈಕ ಆಧಾರ ನಾನು ಸಹಿ ಮಾಡಿದ ಒಂದು ಹಾಳೆ. ಆ ಸಹಿಯನ್ನು ಈ ಪತ್ರದ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ಇದೇ ಮಾತನ್ನು ಹೇಳಲು ಎರಡು ಸಲ ನಿಮ್ಮ ಕಚೇರಿಗೆ ಬಂದೆ. ಮೊದಲ ಸಲ ಚಹಾ ಕೊಟ್ಟಿರಿ. ಎರಡನೆಯ ಸಲ ‘ಮೀಟಿಂಗಿನಲ್ಲಿದ್ದಾರೆ’ ಎಂಬ ಉತ್ತರ ಕೊಡಿಸಿದಿರಿ. ಮೂರನೆಯ ಸಲ ನಾನು ಬರುವವರೆಗೆ ಆ ಕಲ್ಲು ಕಾಯುತ್ತದೆಯೋ ಇಲ್ಲವೋ ತಿಳಿಯದು. ಆದ್ದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಡೆದದ್ದು ಓದುಗರಿಗೂ ತಿಳಿಯಲಿ. ಬಿ.ಎ. ಎರಡನೆಯ ವರ್ಷದವರಿಗೆ ಪ್ರಬಂಧ ರಚನೆ ಕಲಿಸಲು ನೀವು ದೇವಾನಂದ ಎಂಬ ಅತಿಥಿ ಉಪನ್ಯಾಸಕರನ್ನು ನೇಮಿಸಿಕೊಂಡಿರಿ. ಅವರು ಗೈಡು ಮುಚ್ಚಿಸಿ, ‘ದಿನಾ ನೋಡೋ ಒಂದು ಜಾಗಾ ವರ್ಣಿಸ್ರಿ. ಕಂಡದ್ದಷ್ಟೇ ಬರೀರಿ, ಎಣಿಸಿ ಬರೀರಿ. ಛಂದ ಆಮ್ಯಾಲ ನೋಡೋಣು’ ಎಂದರಂತೆ. ಶಹಾಬಾದಿನ ಕಲ್ಲುಗಣಿಯ ಕಾರ್ಮಿಕ ಧರ್ಮಣ್ಣನವರ ಮಗಳು ಪೂನಮ್ ತಾನು ಕುಳಿತಿದ್ದ ಕೋಣೆಯನ್ನೇ ವರ್ಣಿಸಿದಳು. ಅವಳ ಒಪ್ಪಿಗೆ ಪಡೆದು ಕೆಲವು ಸಾಲುಗಳನ್ನು ಇಲ್ಲಿ ಕೊಡುತ್ತೇನೆ:

“ನಮ್ಮ ಕೋಣೆಯ ಚಾವಣಿಗೆ ಇಪ್ಪತ್ನಾಲ್ಕು ಫರಸಿಗಳಿವೆ, ಅಂದರೆ ಹಾಸುಗಲ್ಲಿನ ಚಪ್ಪಡಿಗಳು. ಅವು ಏಳು ಕಬ್ಬಿಣದ ತೊಲೆಗಳ ಮೇಲೆ ಕುಳಿತಿವೆ. ಮೂರನೆಯ ಬೆಂಚಿನ ಮೇಲಿರುವ ಫರಸಿಯಲ್ಲಿ ಮೊದಲು ಕೂದಲೆಳೆಯಂಥ ಸೀಳಿತ್ತು. ದೀಪಾವಳಿ ರಜೆ ಮುಗಿಸಿ ಬಂದಾಗ ಅದು ಪೆನ್ಸಿಲಿನಷ್ಟು ದಪ್ಪವಾಗಿತ್ತು. ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಗಣಿಯಲ್ಲಿ ಮದ್ದು ಹಾರಿಸಿದಾಗ ನಮ್ಮ ನೋಟ್‌ಬುಕ್ಕಿನ ಮೇಲೆ ಜೋಳದ ಹಿಟ್ಟಿನಂಥ ಪುಡಿ ಬೀಳುತ್ತದೆ. ಅದನ್ನು ಊದಿ ಮುಂದಿನ ಸಾಲು ಬರೆಯುತ್ತೇವೆ. ಒಂದು ದಿನ ಜೇಡರ ಬಲೆ ತೆಗೆಯುವ ಕೋಲಿನಿಂದ ಒಂದೊಂದೇ ಫರಸಿಯನ್ನು ತಟ್ಟಿ ನೋಡಿದೆ. ಇಪ್ಪತ್ತಮೂರು ಖಣ್ ಎಂದವು. ಒಂದು ಬೊದ್ ಎಂದಿತು.”

ದೇವಾನಂದ ಇದನ್ನು ಗೋಡೆಪತ್ರಿಕೆಗೆ ಅಂಟಿಸಿದರು. ಮಕ್ಕಳು ಮೊಬೈಲಿನಲ್ಲಿ ಫೋಟೊ ತೆಗೆದರು. ಕಾಳಗಿಯಿಂದ, ದಂಡೋತಿಯಿಂದ ಬಸ್ಸು ಹತ್ತಿ ಬರುವ ಹೆಣ್ಣುಮಕ್ಕಳ ತಂದೆತಾಯಂದಿರು ನಿಮಗೆ ಫೋನು ಮಾಡತೊಡಗಿದರು. ಆಗ ನೀವೇನು ಮಾಡಿದಿರಿ? ಇಂಜಿನಿಯರನ್ನು ಕರೆಸಿದಿರಾ? ಇಲ್ಲ. ಒಂದು ಶಾಲು, ಒಂದು ಹಾರ ಹಿಡಿದು ಚಿತ್ತಾಪುರದ ನನ್ನ ಮನೆಗೆ ಬಂದಿರಿ. ಕಲ್ಲು ಸೀಳಿದೆಯೋ ಇಲ್ಲವೋ ಎಂದು ಕನ್ನಡದ ಅಧ್ಯಾಪಕಿಯನ್ನು ಕೇಳಿದ ಮೊದಲ ಆಡಳಿತಗಾರರು ಬಹುಶಃ ನೀವೇ. ಉತ್ತರ ಕೊಟ್ಟ ಮೊದಲ ಮೂರ್ಖಳು ನಾನು.

ಸೇಡಂ, ವಾಡಿ, ಚಿತ್ತಾಪುರದ ಶಾಲೆಗಳಲ್ಲಿ ಮೂವತ್ತಾರು ವರ್ಷ ಕನ್ನಡ ಕಲಿಸಿದವಳು ನಾನು. ನನ್ನ ಕೆಂಪು ಶಾಯಿಗೆ ಹೆದರದ ಮಕ್ಕಳಿರಲಿಲ್ಲ. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು. ‘ಭಾಷಾತಜ್ಞರಾದ ತಾವೇ ಹೇಳಬೇಕು’ ಎಂದು ನೀವು ಕೈಮುಗಿದಾಗ ಆ ಹೆಮ್ಮೆ ಕನ್ನಡಕ ಏರಿಸಿಕೊಂಡು ಕುಳಿತಿತು. ಸಂಖ್ಯೆಗಳಿಗೆ ಸುತ್ತು ಹಾಕಿ, ‘ವರ್ಣನೆಯ ಸೊಬಗಿಗೆ ಧಕ್ಕೆ’ ಎಂದು ಬರೆದೆ. ಕೊನೆಯ ಸಾಲಿಗೆ ಅಡ್ಡಗೆರೆ ಎಳೆದು, ‘ಕಲ್ಲು ಮಾತನಾಡದು, ಅಸಂಬದ್ಧ’ ಎಂದೆ. ನಂತರ ನೀವು ಮುಂದಿಟ್ಟ ಹಾಳೆಯಲ್ಲಿ ಹೀಗೆ ಬರೆದುಕೊಟ್ಟೆ: “ಸದರಿ ಪ್ರಬಂಧದಲ್ಲಿನ ಚಿತ್ರಣವು ಅನನುಭವಿ ಲೇಖಕಿಯ ಕಲ್ಪನಾಜನ್ಯ ಉತ್ಪ್ರೇಕ್ಷೆಯಾಗಿದ್ದು, ವಸ್ತುಸ್ಥಿತಿಯೆಂದು ಗ್ರಹಿಸತಕ್ಕದ್ದಲ್ಲ.” ಎಷ್ಟು ಶುದ್ಧವಾದ ವಾಕ್ಯ! ಅದನ್ನು ಬರೆಯುವಾಗ ನಾನು ಆ ಕೋಣೆಯ ಬಾಗಿಲನ್ನೂ ಕಂಡಿರಲಿಲ್ಲ.

ಈ ಹಾಳೆಯ ಬಲದಿಂದ ನೀವು ದೇವಾನಂದರಿಗೆ ನೋಟಿಸು ಕೊಟ್ಟಿರಿ. ಪೂನಮ್ ‘ನಾನು ಬರೆದದ್ದು ಸುಳ್ಳು’ ಎಂಬ ವಾಕ್ಯವುಳ್ಳ ಕ್ಷಮಾಪಣೆ ಪತ್ರ ಕೊಡದಿದ್ದರೆ ಪರೀಕ್ಷೆಯ ಹಾಲ್ ಟಿಕೆಟ್ ಇಲ್ಲವೆಂದಿರಿ. ತಂದೆ, ಮಗಳು ಇಬ್ಬರೂ ನನ್ನ ಮನೆಗೆ ಬಂದರು. ಜಗಳಕ್ಕೆ ಬಂದಿದ್ದರೆ ನಾನು ಜಗಳವಾಡಿ ಗೆಲ್ಲುತ್ತಿದ್ದೆ. ಅವರು ಬಂದದ್ದು ಆ ಕ್ಷಮಾಪಣೆಯನ್ನು ತಿದ್ದಿಸಿಕೊಳ್ಳಲು!

“ಅಕ್ಕೋರೆ, ನಾ ಸಾಲಿ ಕಲ್ತಾಂವ ಅಲ್ಲ,” ಎಂದರು ಧರ್ಮಣ್ಣ. “ನಿಮ್ಮಂಥೋರು ಬರ್ದ್ ಕೊಟ್ಟೀರಿ ಅಂದ್ರ ಹುಡುಗಿದೇ ತಪ್ಪ್ ಇರ್ತದ. ಮಾಫಿ ಅರ್ಜಿ ನೀವೇ ಛಂದಾಗಿ ಬರಸ್ರಿ.”

ಪೂನಮ್ ಕರಡು ತಂದಿದ್ದಳು. ಎಲ್ಲವನ್ನೂ ಬರೆದು ಒಂದು ಸಾಲನ್ನು ಮಾತ್ರ ಖಾಲಿ ಬಿಟ್ಟಿದ್ದಳು. “ಇದೇಕೆ ಬಿಟ್ಟಿದ್ದೀಯ?” ಎಂದು ಗದರಿದೆ.

“ನಾ ಯಾವ ಸಾಲು ತಪ್ಪ್ ಬರ್ದೀನಿ ತೋರಸ್ರಿ ಅಕ್ಕೋರೆ, ಅದನ್ನ ತಿದ್ದಿ ಕೊಡ್ತೀನಿ,” ಎಂದಳು. “ಎಲ್ಲಾ ಸುಳ್ಳ ಅಂತ ಹ್ಯಾಂಗ ಬರೀಲಿ? ಫರಸಿ ಇಪ್ಪತ್ನಾಲ್ಕೇ ಅವ. ನೀವು ಎಣಿಸೀರೇನು?”

“ಏ, ಸುಮ್ ಕುಂದ್ರು! ಅಕ್ಕೋರ ಮುಂದ ಬಾಯಿ ಮಾಡ್ತಿ?” ಎಂದು ಗದರಿದ ತಂದೆ ಸಂಕೋಚದಿಂದ ತಲೆ ತಗ್ಗಿಸಿ, ಕುಳಿತಿದ್ದ ಕಲ್ಲುಕಟ್ಟೆಯನ್ನು ಬೆರಳಗೆಣ್ಣಿನಿಂದ ತಟ್ಟಿದರು. ಖಣ್ ಎಂದಿತು. ಏನದು ಎಂದು ಕೇಳಿದೆ.

“ಚಟ ಅದ್ರೀ. ಕಲ್ಲ ಕಂಡ್ರ ಕೈ ಸುಮ್ನಿರಂಗಿಲ್ಲ. ಗಟ್ಟಿ ಕಲ್ಲು ಖಣ್ ಅಂತದ. ಒಳಗ ಸೀಳಿದ್ದು ಬೊದ್ ಅಂತದ. ಗಣಿನ್ಯಾಗ ಬೊದ್ ಅಂದ ಕಲ್ಲಿನ ಕೆಳಗ ನಾವು ಬುತ್ತಿ ಬಿಚ್ಚಂಗಿಲ್ರೀ. ನೀವು ಅಂಜಬ್ಯಾಡ್ರಿ, ನಿಮ್ದು ಗಟ್ಟಿ ಅದ.”

ಅಂಜಬೇಡಿ ಎಂದರು. ಆ ಕ್ಷಣದಿಂದ ನಾನು ಅಂಜಿಕೊಂಡೇ ಇದ್ದೇನೆ.

ಫರಸಿಯ ಮನೆಯಲ್ಲಿ ಹುಟ್ಟಿ, ಫರಸಿಯ ನೆಲದ ಮೇಲೆ ಅಂಬೆಗಾಲಿಟ್ಟು ಬೆಳೆದವಳಿಗೆ ಈ ನೆಲದಲ್ಲಿ ಕಲ್ಲನ್ನು ತಟ್ಟಿ ಕೇಳುವ ಪದ್ಧತಿಯಿದೆಯೆಂದು ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ತಿಳಿಯಿತು. ಈ ಸೀಮೆಯವರೆಲ್ಲ ಬಲ್ಲ ಸಂಗತಿಗೆ ನಾನು ‘ಅಸಂಬದ್ಧ’ ಎಂದು ಷರಾ ಬರೆದಿದ್ದೆ.

ಮರುದಿನ ನಿಮ್ಮ ಕಾಲೇಜಿಗೆ ಬಂದೆ. ಅಂದು ಅಧ್ಯಾಪಕರೊಬ್ಬರು ರಜೆಯಲ್ಲಿದ್ದುದರಿಂದ ಕೋಣೆ ಖಾಲಿಯಿತ್ತು. ಫರಸಿಗಳನ್ನು ಎಣಿಸಿದೆ. ಇಪ್ಪತ್ನಾಲ್ಕು. ನಿಮ್ಮ ಸಿಬ್ಬಂದಿಯೊಬ್ಬರನ್ನು ಬಲೆ ತೆಗೆಯುವ ಕೋಲು ಕೇಳಿದೆ. ಅವರ ಹೆಸರನ್ನು ಬರೆಯಲಾರೆ; ಬರೆದರೆ ಅವರಿಗೂ ಒಂದು ನೋಟಿಸು ಬರುತ್ತದೆ. “ಬ್ಯಾಡ್ರೀ ಅಕ್ಕೋರೆ, ಅದಕ್ಕ ಮುಟ್ಟಬ್ಯಾಡ್ರಿ,” ಎಂದರು. “ನಾ ಅದಕ್ಕ ಸಲಾಂ ಹೊಡದೇ ಕಸ ಹೊಡೀಲಿಕ್ಕ ಒಳಗ ಹೋಗ್ತೀನಿ. ಹೊರಗ ಬಂದು ಉಸರ ಬಿಡ್ತೀನಿ.” ಹಾಗೆಂದು ನಕ್ಕರು. ಒಳಗೆ ಮಾತ್ರ ಬರಲಿಲ್ಲ. ಕೋಲು ಕೊಟ್ಟು ಹೊಸ್ತಿಲ ಆಚೆಯೇ ನಿಂತರು.

ತಟ್ಟಿದೆ. ಉಳಿದವು ಹೇಗೆ ನುಡಿದವೆಂಬುದು ಈಗ ನೆನಪಿಲ್ಲ. ಮೂರನೆಯ ಬೆಂಚಿನ ಮೇಲಿನದು ಬೊದ್ ಎಂದಿತು. ಎರಡನೆಯ ಸಲ ತಟ್ಟುವ ಧೈರ್ಯ ಬರಲಿಲ್ಲ. ಕೋಲು ಕೆಳಗಿಟ್ಟು ಅದೇ ಬೆಂಚಿನ ಮೇಲೆ ಕುಳಿತೆ. ಒಂದು ಗಂಟೆ ಹತ್ತು ನಿಮಿಷವಾಯಿತು. ದೂರದಲ್ಲಿ ಮದ್ದು ಹಾರಿತು. ಬೆಂಚು ಅಲುಗಿತು. ನನ್ನ ಮಡಿಲಿನ ಮೇಲೆ ಪುಡಿ ಬಿತ್ತು. ಜೋಳದ ಹಿಟ್ಟಿನಂತೆಯೇ ಇತ್ತು. ಸೆರಗಿನಿಂದ ಕೊಡವಿಕೊಂಡು ಹೊರಗೆ ಬಂದೆ. ಆ ಹುಡುಗಿ ಪ್ರತಿದಿನ ಇದನ್ನು ಊದಿ ಮುಂದಿನ ಸಾಲು ಬರೆಯುತ್ತಾಳಲ್ಲ ಎಂಬುದಷ್ಟೇ ತಲೆಯಲ್ಲಿತ್ತು.

ಇದನ್ನೆಲ್ಲ ನಿಮಗೆ ಹೇಳಿದಾಗ, ಬೇರೆ ಕೋಣೆ ಖಾಲಿಯಿಲ್ಲ, ಮೇಲಿನವರಿಗೆ ಪತ್ರ ಹೋಗಿದೆ, ವಿದ್ಯಾರ್ಥಿಗಳಲ್ಲಿ ಭೀತಿ ಹರಡಬಾರದು ಎಂದಿರಿ. ಎರಡನೆಯ ಸಲ ಬಂದಾಗ ನೀವು ಸಿಗಲಿಲ್ಲ, ಆದರೆ ನಿಮ್ಮ ಕ್ರಮ ಕಣ್ಣಿಗೆ ಬಿತ್ತು: ಸೀಳಿನ ಮೇಲೆ ಸುಣ್ಣ ಬಳಿಸಿದ್ದಿರಿ. ಪೂನಮ್ ಬರೆದದ್ದು ಸುಳ್ಳಾಗಿದ್ದರೆ ಸುಣ್ಣ ಬಳಿದದ್ದು ಯಾವುದಕ್ಕೆ? ನಿಜವಾಗಿದ್ದರೆ ಕ್ಷಮಾಪಣೆ ಕೇಳಬೇಕಾದವರು ಯಾರು? ಭೀತಿ ಹರಡಬಾರದೆಂಬ ನೀವು, ಭೀತಿಯ ಕೆಳಗೆ ಐವತ್ತೆಂಟು ಮಕ್ಕಳನ್ನು ಏಕೆ ಕೂರಿಸುತ್ತೀರಿ? ನಿಮ್ಮ ಸ್ವಂತ ಕೊಠಡಿಯ ಚಾವಣಿ ಕಾಂಕ್ರೀಟಿನದೆಂಬುದನ್ನು ಚಹಾ ಕುಡಿಯುವಾಗ ಗಮನಿಸಿದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡಲಾರೆ. ನೀವು ನನ್ನ ವಿದ್ಯಾರ್ಥಿ. ಎಂಟನೆಯ ತರಗತಿಯಲ್ಲಿ ‘ಸಮುದ್ರತೀರದ ಸೂರ್ಯಾಸ್ತ’ ಎಂಬ ಪ್ರಬಂಧಕ್ಕೆ ನಿಮಗೆ ಹತ್ತಕ್ಕೆ ಹತ್ತು ಕೊಟ್ಟಿದ್ದೆ. ನೀವು ಸಮುದ್ರವನ್ನು ಕಂಡಿರಲಿಲ್ಲ. ನಾನೂ ಕಂಡಿರಲಿಲ್ಲ. ನಾನು ಹೇಳಿ ಬರೆಸಿದ್ದನ್ನು ನಲವತ್ತು ಮಕ್ಕಳೂ ಬಾಯಿಪಾಠ ಮಾಡಿದ್ದಿರಿ. ಒಂದು ತಪ್ಪೂ ಇಲ್ಲದೆ ಒಪ್ಪಿಸಿದವರು ನೀವೊಬ್ಬರೇ. ಶಾಲೆಯ ಹಿಂದೆಯೇ ಕಾಗಿಣಾ ನದಿ ಹರಿಯುತ್ತಿತ್ತು. ಅಲ್ಲಿಗೆ ನಿಮ್ಮನ್ನು ಒಂದು ದಿನವೂ ಕರೆದೊಯ್ದು, ‘ನೋಡಿ ಬರೆಯಿರಿ’ ಎನ್ನಲಿಲ್ಲ. ಕಾಣದ್ದನ್ನು ಸೊಗಸಾಗಿ ಬರೆಯುವುದನ್ನು ಕಲಿಸಿದೆ. ಈಗ ನೀವು ಕಂಡದ್ದನ್ನು ಇಲ್ಲವೆಂದು ಸೊಗಸಾಗಿ ಬರೆಯುತ್ತಿದ್ದೀರಿ. ದೇವಾನಂದ ಒಂದೇ ತಿಂಗಳಲ್ಲಿ ಕಲಿಸಿದ್ದನ್ನು ನಾನು ಮೂವತ್ತಾರು ವರ್ಷದಲ್ಲಿ ಕಲಿಸಲಿಲ್ಲ.

ಈಗ ಪ್ರತಿದಿನ ಒಂದು ಗಂಟೆ ಸಮೀಪಿಸಿದಂತೆ ತಟ್ಟೆಯ ಮುಂದೆ ಕುಳಿತ ನನ್ನ ತುತ್ತು ಕೈಯಲ್ಲೇ ಉಳಿಯುತ್ತದೆ. ಒಂದು ಹತ್ತು ದಾಟಿಯೂ ಕೆಟ್ಟ ಸುದ್ದಿಯ ಫೋನು ಬಾರದಿದ್ದರೆ, ಆ ದಿನ ಮುಗಿಯಿತೆಂದು ಉಣ್ಣುತ್ತೇನೆ. ನನಗೆ ಹೆದರಿಕೆಯಾಗಿದೆ. ಈ ವಾಕ್ಯದಲ್ಲಿ ಉತ್ಪ್ರೇಕ್ಷೆ ಹುಡುಕಬೇಡಿ.

ಸೋಮವಾರ ಬೆಳಿಗ್ಗೆ ಹದಿನಾಲ್ಕನೆಯ ಕೋಣೆಗೆ ಬೀಗ ಬಿದ್ದಿರಬೇಕು. ಮಕ್ಕಳು ಬೇವಿನ ಮರದ ನೆರಳಲ್ಲಿ ಕುಳಿತಾದರೂ ಪಾಠ ಕೇಳಲಿ. ದೇವಾನಂದರ ನೋಟಿಸು ರದ್ದಾಗಬೇಕು. ಪೂನಮ್‌ಗೆ ಯಾವ ಷರತ್ತೂ ಇಲ್ಲದೆ ಹಾಲ್ ಟಿಕೆಟ್ ಸಿಗಬೇಕು. ಅವಳ ಕರಡಿನ ಖಾಲಿ ಸಾಲು ಖಾಲಿಯಾಗಿಯೇ ಇರುತ್ತದೆ. ಅದನ್ನು ತುಂಬಿಸುವ ಕೆಲಸಕ್ಕೆ ನಾನು ಒಪ್ಪುವುದಿಲ್ಲ. ಬೀಗ ಬೀಳದಿದ್ದರೆ ಆ ದಿನದಿಂದ ನಾನು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ನನ್ನನ್ನು ದಾಟಿ ಒಳಗೆ ಹೋಗುವ ಧೈರ್ಯ ನಿಮ್ಮ ಮಕ್ಕಳಿಗೆ ಇರಲಾರದು. ನನ್ನ ಕೈಯಲ್ಲಿ ಕಲಿತ ಅವರ ತಂದೆತಾಯಂದಿರಿಗೇ ಇರಲಿಲ್ಲ.

ಈ ಪತ್ರವನ್ನೂ ನೀವು ನಂಬದಿದ್ದರೆ, ಎಂಟನೆಯ ತರಗತಿಯಲ್ಲಿ ನಾನು ಕೊಡದೆ ಉಳಿಸಿದ ಮನೆಗೆಲಸವನ್ನು ಈಗ ಕೊಡುತ್ತೇನೆ. ಒಂದು ಗಂಟೆ ಹತ್ತು ನಿಮಿಷಕ್ಕೆ ಆ ಕೋಣೆಯ ಮೂರನೆಯ ಬೆಂಚಿನಲ್ಲಿ ಕುಳಿತು, ಕಂಡದ್ದನ್ನು ಹತ್ತು ವಾಕ್ಯಗಳಲ್ಲಿ ವರ್ಣಿಸಿ.

ಬೇಡ. ಕುಳಿತುಕೊಳ್ಳಬೇಡಿ. ನೀವೂ ನನ್ನ ವಿದ್ಯಾರ್ಥಿಯೇ. ಬಾಗಿಲ ಆಚೆಯೇ ನಿಂತು ನೋಡಿ.

ಇಂತಿ,
ಎಣಿಸದೆ ಸಹಿ ಹಾಕಿದ
ಶರಣಬಸಮ್ಮ
ನಿವೃತ್ತ ಮುಖ್ಯೋಪಾಧ್ಯಾಯಿನಿ, ಚಿತ್ತಾಪುರ